ಗೆರೆ ಮತ್ತು ವಾಶ್ ಕಲಿಯಲು ಯಾವ ಪೆನ್ನು, ಯಾವ ಕಾಗದ, ಯಾವ ದಾರಿ?

"ಪೆನ್ನಲ್ಲಿ ಗೆರೆ ಎಳೆದು ಅದರ ಮೇಲೆ ತೆಳುವಾಗಿ ವಾಟರ್ ಕಲರ್ ಬಿಡ್ತಾರಲ್ಲ, ಅದನ್ನ ಕಲೀಬೇಕು. ಏನೇನು ತಗೊಳ್ಳಲಿ?" ಬಳ್ಳಾರಿ, ಗಂಗಾವತಿ, ಸಿಂಧನೂರು ಕಡೆಯ ಓದುಗರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಕಾಲೇಜು ಹುಡುಗರಿದ್ದಾರೆ, ಮಾಸ್ತರಿದ್ದಾರೆ, ರಿಟೈರ್ ಆದವರಿದ್ದಾರೆ, ಮಕ್ಕಳು ಸ್ಕೂಲಿಗೆ ಹೋದ ಮೇಲೆ ಒಂದಿಷ್ಟು ಬಿಡುವು ಸಿಗುವ ಅಮ್ಮಂದಿರಿದ್ದಾರೆ. ಎಲ್ಲರಿಗೂ ಒಂದೇ ಪಟ್ಟಿ ಕೊಟ್ಟರೆ ಯಾರಿಗೂ ಸರಿಹೋಗುವುದಿಲ್ಲ. ಹಾಗಾಗಿ ಮೊದಲು ಏನೇನು ನೋಡಬೇಕು ಅಂತ ಹೇಳುತ್ತೇನೆ. ಆಮೇಲೆ ಒಂದೊಂದನ್ನೇ ತೂಗಿ ನೋಡೋಣ.

ನಮ್ಮ ಭಾಗಕ್ಕೆ ಈ ಶೈಲಿ ಹೇಳಿ ಮಾಡಿಸಿದ ಹಾಗಿದೆ. ಆನೆಗೊಂದಿ ಸುತ್ತಲಿನ ಗುಂಡುಗಲ್ಲು, ಬಳ್ಳಾರಿ ಗುಡ್ಡ, ಮುದಗಲ್ಲಿನ ಕೋಟೆ. ಎಲ್ಲ ಕಡೆ ಗಟ್ಟಿ ಅಂಚು, ಅಗಲ ಮೈ. ಅಂಚನ್ನು ಪೆನ್ನು ಹಿಡಿಯುತ್ತದೆ, ಮೈಯನ್ನು ವಾಶ್, ಅಂದರೆ ನೀರು ಬೆರೆಸಿ ತೆಳುವಾಗಿ ಬಿಟ್ಟ ಬಣ್ಣ, ತುಂಬುತ್ತದೆ. ರಾಯಚೂರು ಕೋಟೆಯ ಗೋಡೆಯಲ್ಲಿ 1294ರ ಶಾಸನ ಇರುವ ಉದ್ದನೆಯ ಕಲ್ಲು ಇದೆ. ಆ ಕಲ್ಲನ್ನು ಕೋಣ ಕಟ್ಟಿದ ಬಂಡಿಯಲ್ಲಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಗೆರೆಯಲ್ಲಿ ಕೆತ್ತಿದ್ದಾರೆ. ಹಿರೇಬೆಣಕಲ್ಲಿನ ಬೆಟ್ಟದಲ್ಲಿ ಅದಕ್ಕೂ ಎಷ್ಟೋ ಹಳೆಯ ಕೆಮ್ಮಣ್ಣಿನ ಚಿತ್ರಗಳಿವೆ. ಗೆರೆ ಎಳೆಯೋದು ಈ ನೆಲಕ್ಕೆ ಹೊಸದೇನಲ್ಲ. ಹೋಗಿ ನೋಡಿ ಬನ್ನಿ, ಪೆನ್ನು ಹಿಡಿಯುವ ಆಸೆ ತಾನಾಗೇ ಬರುತ್ತದೆ.

ಮೊದಲು ಏನು ನೋಡಬೇಕು

ವಿಡಿಯೋಗಳಲ್ಲಿ ಸಿಗುವ ಸಲಹೆ ಬಹುಪಾಲು ತಂಪು ದೇಶದವರದ್ದು. ವಾಶ್ ಬಿಟ್ಟು ಹತ್ತು ನಿಮಿಷ ಕಾಯಿರಿ ಅಂತಾರೆ. ನಮ್ಮಲ್ಲಿ ಏಪ್ರಿಲ್ ಮಧ್ಯಾಹ್ನ ಹೊರಗೆ ಕೂತರೆ, ಕಾಗದದ ಈ ತುದಿಯಿಂದ ಆ ತುದಿಗೆ ಬ್ರಷ್ ಮುಟ್ಟುವಷ್ಟರಲ್ಲಿ ಮೊದಲಿನದು ಒಣಗಿರುತ್ತದೆ. ಒಣಗಿದ ಕಡೆ ಗಡುಸಾದ ಅಂಚು ಕೂತುಬಿಡುತ್ತದೆ. ನಿಬ್ಬಿನಲ್ಲಿರುವ ಶಾಯಿಯದ್ದೂ ಇದೇ ಕಥೆ. ಹಾಗಾಗಿ ಯಾವ ಸಾಮಾನು ತಗೊಂಡರೂ ನಮ್ಮ ಬಿಸಿಲಿಗೆ ಅದು ತಡೆಯುತ್ತಾ ಅನ್ನೋದನ್ನ ಮೊದಲು ನೋಡಬೇಕು.

ಎರಡನೆಯದು, ಗೆರೆಯ ಮೇಲೆ ನೀರು ಬಿದ್ದರೆ ಶಾಯಿ ಕದಡುತ್ತದೋ ಇಲ್ಲವೋ. ಮೂರನೆಯದು, ಮುಗಿದಾಗ ಮತ್ತೆ ಊರಲ್ಲೇ ಸಿಗುತ್ತದೋ, ಕೊರಿಯರ್‌ಗೆ ಕಾಯಬೇಕೋ. ಇನ್ನು ಗೆರೆ ದಪ್ಪ-ಸಣ್ಣ ಆಗಬೇಕೋ ಒಂದೇ ಸಮ ಸಾಕೋ, ಮನೆಯ ಟೇಬಲ್ ಮೇಲೆ ಬರೆಯುತ್ತೀರೋ ಬಂಡೆ ಮೇಲೆ ಕೂತು ಬರೆಯುತ್ತೀರೋ, ಚಿತ್ರಕ್ಕೆ ಫ್ರೇಮ್ ಹಾಕಿಸುವ ಯೋಚನೆ ಇದೆಯೋ ಇಲ್ಲ ಅಭ್ಯಾಸದ ಪುಸ್ತಕದಲ್ಲೇ ಇರಲಿ ಅನಿಸುತ್ತದೋ. ಇಷ್ಟಕ್ಕೆ ಉತ್ತರ ಗೊತ್ತಿದ್ದರೆ ಅರ್ಧ ಆಯ್ಕೆ ಮುಗಿಯಿತು.

ಶಾಯಿಯ ಪರೀಕ್ಷೆ ಸುಲಭ. ನೀವು ಬಳಸುವ ಕಾಗದದ ಚೂರಿನ ಮೇಲೆಯೇ ನಾಲ್ಕು ಗೆರೆ ಎಳೆಯಿರಿ. ಒಂದರ ಮೇಲೆ ತಕ್ಷಣ ಒದ್ದೆ ಬ್ರಷ್ ಆಡಿಸಿ, ಇನ್ನೊಂದರ ಮೇಲೆ ಒಂದು ನಿಮಿಷ ಬಿಟ್ಟು, ಮತ್ತೊಂದರ ಮೇಲೆ ಐದು ನಿಮಿಷ ಬಿಟ್ಟು, ಕೊನೆಯದರ ಮೇಲೆ ಮರುದಿನ. ಎಷ್ಟು ಹೊತ್ತು ಕಾದರೆ ಸಾಕು ಅನ್ನೋದು ಕಣ್ಣಿಗೇ ಕಾಣುತ್ತದೆ. ಡಬ್ಬದ ಮೇಲೆ 'ವಾಟರ್‌ಪ್ರೂಫ್' ಅಂತ ಬರೆದಿದ್ದರೂ ಈ ಪರೀಕ್ಷೆ ಬಿಡಬೇಡಿ. ಒಂದು ಕಾಗದದಲ್ಲಿ ಗಟ್ಟಿ ನಿಂತ ಶಾಯಿ ಇನ್ನೊಂದರಲ್ಲಿ ಸ್ವಲ್ಪ ಬಿಡಬಹುದು. ವಾಟರ್ ಕಲರ್ ಕಾಗದಕ್ಕೆ ಅಂಟು ಬಳಿದಿರುತ್ತಾರೆ. ಶಾಯಿ ಒಳಗಿಳಿಯದೆ ಮೇಲೇ ಕೂತಿದ್ದರೆ ಒಣಗೋದು ನಿಧಾನ.

ಪೆನ್ನುಗಳು

ಬಾಲ್ ಪೆನ್ನಿನಿಂದ ಶುರು ಮಾಡೋಣ, ಯಾಕೆಂದರೆ ಅದು ಈಗಾಗಲೇ ನಿಮ್ಮ ಜೇಬಲ್ಲಿದೆ. ಅದರ ಶಾಯಿ ಎಣ್ಣೆಯಂಥದ್ದು, ನೀರಿಗೆ ಬಹುತೇಕ ಕದಡುವುದಿಲ್ಲ. ಬಿಸಿಲಿಗೂ ಒಣಗಿ ನಿಲ್ಲುವುದಿಲ್ಲ. ಒತ್ತಿದರೆ ಗಾಢ, ತೇಲಿಸಿದರೆ ತಿಳಿ. ಪೆನ್ಸಿಲ್ ಥರ ನೆರಳು ಕೊಡಬಹುದು. ತೊಂದರೆ ಎರಡು. ತುದಿಯಲ್ಲಿ ಶಾಯಿ ಗಂಟು ಕಟ್ಟಿ ಅಲ್ಲಲ್ಲಿ ಮೆತ್ತಿಕೊಳ್ಳುತ್ತದೆ, ಆಗಾಗ ಒರೆಸಬೇಕು. ಮತ್ತೆ, ಬೆಳಕಿಗೆ ಇಟ್ಟರೆ ಬಣ್ಣ ಮಾಸುತ್ತದೆ. ಕಲಿಯೋ ಪುಸ್ತಕಕ್ಕೆ ಧಾರಾಳವಾಗಿ ಸಾಕು, ಗೋಡೆಗೆ ಬೇಡ. ಜೆಲ್ ಪೆನ್ನುಗಳನ್ನು ಮಾತ್ರ ನಂಬಬೇಡಿ. ಬಹಳಷ್ಟು ನೀರು ಕಂಡರೆ ಹರಡುತ್ತವೆ.

ಬಾಲ್ ಪೆನ್ನಿಗೂ ದುಬಾರಿ ಪೆನ್ನಿಗೂ ನಡುವೆ ಒಂದು ಒಳ್ಳೆಯ ಜಾಗ ಇದೆ, ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಯೂನಿ-ಬಾಲ್ ಐ ಅನ್ನೋ ರೋಲರ್ ಪೆನ್ನು. ದೊಡ್ಡ ಸ್ಟೇಷನರಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ಆಫೀಸಿನವರು ಸಹಿ ಮಾಡಲು ತಗೊಳ್ಳುತ್ತಾರೆ. ಅದರಲ್ಲಿರುವುದು ಪಿಗ್ಮೆಂಟ್ ಶಾಯಿ, ಅಂದರೆ ನೀರಲ್ಲಿ ಕರಗದ ಬಣ್ಣದ ಕಣಗಳ ಶಾಯಿ, ಒಣಗಿದ ಮೇಲೆ ನೀರಿಗೆ ನಿಲ್ಲುತ್ತದೆ. ಗೆರೆ ಕಪ್ಪಗೆ, ಸರಾಗವಾಗಿ ಬರುತ್ತದೆ. ಇವತ್ತೇ ಶುರು ಮಾಡಬೇಕು, ಆನ್‌ಲೈನ್ ಆರ್ಡರ್ ಬೇಡ ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಫೈನ್‌ಲೈನರ್ ಅಂದರೆ ಒಂದೇ ಸಮ ಗೆರೆ ಬರುವ ಸಣ್ಣ ತುದಿಯ ಡ್ರಾಯಿಂಗ್ ಪೆನ್ನು, ಸಾಕುರಾ ಪಿಗ್ಮಾ ಮೈಕ್ರಾನ್, ಯೂನಿ ಪಿನ್, ಸ್ಟೆಡ್ಲರ್ ಪಿಗ್ಮೆಂಟ್ ಲೈನರ್ ಇಂಥವು. ಶಾಯಿ ನೀರಿಗೆ ಜಗ್ಗುವುದಿಲ್ಲ, ಬೆಳಕಿಗೂ ಬೇಗ ಮಾಸುವುದಿಲ್ಲ. ಮೈಕ್ರಾನ್ ಮೇಲಿನ ನಂಬರ್ ನೋಡಿ ಗಲಿಬಿಲಿ ಆಗಬೇಡಿ. 005 ಅಂದರೆ 0.20 ಮಿ.ಮೀ., 01 ಅಂದರೆ 0.25, 05 ಅಂದರೆ 0.45, 08 ಅಂದರೆ 0.50. ಶುರುವಿಗೆ 01 ಮತ್ತು 05 ಎರಡೇ ಸಾಕು. ಆರು ಪೆನ್ನಿನ ಸೆಟ್ಟಲ್ಲಿ ನಾಲ್ಕು ಸುಮ್ನೆ ಬಿದ್ದಿರುತ್ತವೆ. ಮೇಂಟೆನೆನ್ಸ್ ಅನ್ನೋದೇ ಇಲ್ಲ, ಕ್ಯಾಪ್ ಹಾಕಿ ಬ್ಯಾಗಿಗೆ ಎಸೆದರೆ ಆಯಿತು. ಆದರೆ ತುದಿ ಮೆತ್ತಗಿನದು. ತರಿ ಇರುವ ಕಾಗದದಲ್ಲಿ ಒತ್ತಿ ಎಳೆದರೆ ಶಾಯಿ ಮುಗಿಯುವ ಮೊದಲೇ ತುದಿ ಸವೆದು ಹೋಗುತ್ತದೆ. ಪೆನ್ಸಿಲ್ ರಬ್ ಮಾಡಿದ ಪುಡಿಯೂ ಒಣಗದ ವಾಶ್ ಕೂಡ ಅದಕ್ಕೆ ಶತ್ರು. ಮುಗಿದ ಮೇಲೆ ಮತ್ತೆ ಹೊಸದೇ ಕೊಳ್ಳಬೇಕು. ದಿನಾ ಬರೆಯುವವರಿಗೆ ಈ ಖರ್ಚು ಸದ್ದಿಲ್ಲದೆ ಏರುತ್ತದೆ.

ಅಂಥವರು ಇಂಕ್ ಪೆನ್ನಿನ ಕಡೆ ನೋಡಬೇಕು. ಲೋಹದ ನಿಬ್ಬು, ವರ್ಷಗಟ್ಟಲೆ ಬಾಳುತ್ತದೆ. ತಿರುಗಿಸಿ ಹಿಡಿದರೆ ಗೆರೆ ಸಣ್ಣ, ಒರಗಿಸಿದರೆ ದಪ್ಪ. ಕೈಗೆ ಒಗ್ಗಿದ ಮೇಲೆ ಬೇರೆ ಯಾವುದೂ ರುಚಿಸುವುದಿಲ್ಲ, ಇದು ನನ್ನ ಪಕ್ಷಪಾತ. ಆದರೆ ಇಲ್ಲಿ ಮೂರು ಮಾತು ನೆನಪಿಡಿ. ಒಂದು, ಸ್ಕೂಲಲ್ಲಿ ಬಳಸಿದ ಮಾಮೂಲಿ ಶಾಯಿ ನೀರಿಗೆ ಕದಡುತ್ತದೆ. ಎರಡು, ಇಂಡಿಯನ್ ಇಂಕ್ ಅಥವಾ ವಾಟರ್‌ಪ್ರೂಫ್ ಡ್ರಾಯಿಂಗ್ ಇಂಕ್ ಅಂತ ಸಿಗುವುದನ್ನು ಇಂಕ್ ಪೆನ್ನಿಗೆ ಎಂದೂ ತುಂಬಬೇಡಿ. ಅದರಲ್ಲಿ ಅರಗು ಇರುತ್ತದೆ, ಒಳಗೇ ಒಣಗಿ ಪೆನ್ನು ಕಟ್ಟಿಕೊಂಡು ಹೋಗುತ್ತದೆ. ಇದಕ್ಕೆಂದೇ ಪ್ಲಾಟಿನಂ ಕಾರ್ಬನ್, ಡಿ ಅಟ್ರಾಮೆಂಟಿಸ್ ಡಾಕ್ಯುಮೆಂಟ್ ಥರದ ಶಾಯಿಗಳಿವೆ. ನಮ್ಮ ಊರುಗಳಲ್ಲಿ ಸಿಗೋದು ಕಷ್ಟ, ತರಿಸಬೇಕು, ದುಬಾರಿ. ಆದರೆ ಒಂದು ಬಾಟಲಿ ಬಹಳ ಕಾಲ ಬರುತ್ತದೆ. ಮೂರು, ಇಂಥ ಶಾಯಿ ತುಂಬಿದ ಪೆನ್ನನ್ನು ವಾರಗಟ್ಟಲೆ ಸುಮ್ನೆ ಇಡಬಾರದು. ಬಳಸದಿದ್ದರೆ ತೊಳೆದಿಡಿ. ಸ್ಕೂಟರ್ ಡಿಕ್ಕಿಯಲ್ಲಿ ಬಿಸಿಲಿಗೆ ಬಿಟ್ಟರೆ ಒಳಗಿನ ಗಾಳಿ ಹಿಗ್ಗಿ ಶಾಯಿ ಕ್ಯಾಪಿನೊಳಗೆ ಕಕ್ಕುತ್ತದೆ. ನಿಬ್ಬು ಮೇಲೆ ಮಾಡಿ ಶರ್ಟಿನ ಜೇಬಲ್ಲಿಟ್ಟುಕೊಳ್ಳಿ.

ಕದಡುವ ಶಾಯಿಯನ್ನೇ ಬೇಕಂತ ಬಳಸುವವರೂ ಇದ್ದಾರೆ. ಮಾಮೂಲಿ ಕಪ್ಪು ಶಾಯಿಯಲ್ಲಿ ಗೆರೆ ಎಳೆದು, ನೆರಳಿನ ಕಡೆ ಒದ್ದೆ ಬ್ರಷ್ ಎಳೆದರೆ ಗೆರೆಯಿಂದಲೇ ನೆರಳು ಇಳಿಯುತ್ತದೆ. ಬಣ್ಣವೇ ಬೇಡ. ಬೆಳಕು-ನೆರಳು ಕಲಿಯಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. ಮೇಲೆ ಹಳದಿ, ಹಸಿರು ಹಾಕಲು ಹೋದರೆ ಮಾತ್ರ ಎಲ್ಲ ಕೊಳಕಾಗುತ್ತದೆ.

ಅದ್ದಿ ಬರೆಯುವ ನಿಬ್ಬು ಪೆನ್ನಿನ ಗೆರೆ ಎಲ್ಲಕ್ಕಿಂತ ಚೆಂದ. ಕೂದಲಿನಷ್ಟು ಸಣ್ಣದರಿಂದ ದಪ್ಪಕ್ಕೆ ಒಂದೇ ಎಳೆತದಲ್ಲಿ ಹೋಗಬಹುದು. ನಿಬ್ಬು, ಹೋಲ್ಡರ್, ಕ್ಯಾಮ್ಲಿನ್ ಡ್ರಾಯಿಂಗ್ ಇಂಕ್ ಎಲ್ಲ ಸೇರಿದರೂ ಖರ್ಚು ಕಡಿಮೆ. ಆದರೆ ಇದು ಮನೆಯೊಳಗಿನ ಪೆನ್ನು. ಬೇಸಿಗೆಯಲ್ಲಿ ಹೊರಗೆ ಕೂತರೆ ನಾಲ್ಕು ಗೆರೆಗೊಮ್ಮೆ ನಿಬ್ಬಿನ ತುದಿ ಒಣಗಿ ಗೀಚುತ್ತದೆ. ಬಾಟಲಿ ಉರುಳುವ ಭಯ ಬೇರೆ. ಪಕ್ಕದಲ್ಲಿ ನೀರಿನ ಲೋಟ, ಹಳೆ ಬನಿಯನ್ ಬಟ್ಟೆ ಇಟ್ಟುಕೊಂಡು ಆಗಾಗ ತೊಳೆದು ಒರೆಸುವ ತಾಳ್ಮೆ ಇದ್ದರೆ ತಗೊಳ್ಳಿ.

ಕಾಗದಕ್ಕೆ ದುಡ್ಡು ಹಾಕಿ

ಬಜೆಟ್ ಎಷ್ಟೇ ಇರಲಿ, ನನ್ನ ಲೆಕ್ಕದಲ್ಲಿ ಮೊದಲ ದುಡ್ಡು ಕಾಗದಕ್ಕೆ, ಆಮೇಲೆ ಪೆನ್ನಿಗೆ, ಕೊನೆಗೆ ಬಣ್ಣಕ್ಕೆ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. 24 ಬಣ್ಣದ ಡಬ್ಬಿ ತರುತ್ತಾರೆ, ಜೊತೆಗೆ ಸ್ಕೂಲಿನ ಡ್ರಾಯಿಂಗ್ ಶೀಟ್. ಆ ಶೀಟಿನ ಮೇಲೆ ನೀರು ಬಿಟ್ಟ ಕೂಡಲೇ ಅದು ಸೊಟ್ಟಗಾಗಿ ಹಳ್ಳ ಬೀಳುತ್ತದೆ. ಬಣ್ಣ ಹಳ್ಳಕ್ಕೆ ಇಳಿದು ಅಲ್ಲೇ ಮಡುಗಟ್ಟುತ್ತದೆ. ಎರಡನೇ ಸಲ ಬ್ರಷ್ ಆಡಿಸಿದರೆ ಕಾಗದದ ಮೈಯೇ ಎದ್ದು ಬರುತ್ತದೆ. ಕಲಿಯುವವರು ತಮಗೆ ಕೈ ಇಲ್ಲ ಅಂದುಕೊಂಡು ಬಿಟ್ಟೇ ಬಿಡುತ್ತಾರೆ. ತಪ್ಪು ಕೈಯದ್ದಲ್ಲ, ಕಾಗದದ್ದು. ಈ ಒಂದು ಕಾರಣಕ್ಕೆ ಎಷ್ಟು ಜನ ಚಿತ್ರ ಬಿಟ್ಟಿದ್ದಾರೋ, ನೆನೆದರೆ ಬೇಜಾರಾಗುತ್ತದೆ.

300 ಜಿಎಸ್ಎಂ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂನಲ್ಲಿ) ಅಂತ ಬರೆದಿರುವ ವಾಟರ್ ಕಲರ್ ಕಾಗದ ನೋಡಿ. ಅದಕ್ಕಿಂತ ತೆಳುವಾದರೆ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಹಲಗೆಗೆ ಅಂಟಿಸಲೇಬೇಕು. ಹಲಗೆ ಅಂದರೆ ಪರೀಕ್ಷೆಗೆ ಒಯ್ಯುವ ಪ್ಯಾಡ್ ಸಾಕು.

ಕಾಗದದ ಮೈಯಲ್ಲಿ ನಮಗೆ ಮುಖ್ಯವಾದದ್ದು ಎರಡು ಥರ. ಹಾಟ್ ಪ್ರೆಸ್ ನುಣುಪು. ಪೆನ್ನು ಜಾರಿಕೊಂಡು ಹೋಗುತ್ತದೆ, ಸೂಕ್ಷ್ಮ ಗೆರೆ ಬರುತ್ತದೆ. ಇಟಗಿಯ ಮಹಾದೇವ ದೇವಸ್ಥಾನ ಇದೆಯಲ್ಲ, 1112ರಲ್ಲಿ ಕಟ್ಟಿದ್ದು, ಅದರ ಕಂಬಗಳ ಕೆತ್ತನೆ ಬರೆಯಬೇಕು ಅನ್ನುವವರಿಗೆ ಇದೇ ಬೇಕು. ಆದರೆ ನುಣುಪು ಕಾಗದದಲ್ಲಿ ದೊಡ್ಡ ವಾಶ್ ಸಮನಾಗಿ ಬರೋದು ಕಷ್ಟ. ಬೇಗ ಒಣಗುವ ನಮ್ಮ ಹವೆಯಲ್ಲಿ ಇನ್ನೂ ಕಷ್ಟ. ಕೋಲ್ಡ್ ಪ್ರೆಸ್‌ಗೆ ಸಣ್ಣ ತರಿ ಇರುತ್ತದೆ. ವಾಶ್ ಚೆನ್ನಾಗಿ ಹಿಡಿಯುತ್ತದೆ, ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಬಂಡೆಗೆ ಆ ತುಂಡು ಗೆರೆಯೇ ಅಂದ. ಬೆಟ್ಟ, ಕೋಟೆ, ಗಿಡ ಮರ ಬರೆಯುವವರು ಕೋಲ್ಡ್ ಪ್ರೆಸ್ ತಗೊಳ್ಳಿ. ಕಟ್ಟಡ, ಕೆತ್ತನೆ, ಜನರ ಮುಖ ಬರೆಯುವವರು ಹಾಟ್ ಪ್ರೆಸ್.

ಹತ್ತಿಯ ಕಾಗದ ನೀರನ್ನು ಜಾಸ್ತಿ ಹೊತ್ತು ಹಿಡಿದಿಡುತ್ತದೆ. ನಮ್ಮ ಬೇಸಿಗೆಗೆ ಅದು ನಿಜವಾದ ಅನುಕೂಲ. ಬೆಲೆ ಮಾತ್ರ ಜಾಸ್ತಿ. ಅಭ್ಯಾಸಕ್ಕೆ ಸಾದಾ 300 ಜಿಎಸ್ಎಂ, ಫ್ರೇಮ್ ಹಾಕಿಸುವ ಚಿತ್ರಕ್ಕೆ ಹತ್ತಿಯದ್ದು. ದೊಡ್ಡ ಹಾಳೆ ತಂದು ಎಂಟು ತುಂಡು ಮಾಡಿಕೊಂಡರೆ ಪ್ಯಾಡಿಗಿಂತ ಅಗ್ಗ ಬೀಳುತ್ತದೆ.

ಬಣ್ಣ, ಬ್ರಷ್

ಪೋಸ್ಟರ್ ಕಲರ್ ಈ ಕೆಲಸಕ್ಕೆ ಬೇಡ. ಅದು ಗೆರೆಯನ್ನೇ ಮುಚ್ಚಿಬಿಡುತ್ತದೆ. ವಾಟರ್ ಕಲರ್ ಅಂತಲೇ ಕೇಳಿ. ಕೇಕ್ ಬಣ್ಣ ಹೊರಗೆ ಒಯ್ಯಲು ಸಲೀಸು. ಟ್ಯೂಬ್ ಬಣ್ಣ ದೊಡ್ಡ ವಾಶ್ ಕಲಸಲು ಸಲೀಸು. ಟ್ಯೂಬ್ ಬಣ್ಣವನ್ನು ಪ್ಯಾಲೆಟ್ಟಿನಲ್ಲಿ ಹಿಂಡಿ ಒಣಗಲು ಬಿಟ್ಟರೆ ಅದೇ ಕೇಕ್ ಆಗುತ್ತದೆ. ನಮ್ಮಲ್ಲಿ ಒಂದೆರಡು ದಿನ ಸಾಕು. ಮಳೆಗಾಲದಲ್ಲಿ ಮಾತ್ರ ಒದ್ದೆ ಇರುವಾಗಲೇ ಡಬ್ಬಿ ಮುಚ್ಚಬೇಡಿ, ಬೂಸ್ಟು ಹಿಡಿಯುತ್ತದೆ.

ಆರು ಬಣ್ಣ ಸಾಕು. ಅದರಲ್ಲಿ ಅಲ್ಟ್ರಾಮರೀನ್ ಬ್ಲೂ ಮತ್ತು ಬರ್ಂಟ್ ಸಿಯೆನಾ ಅನ್ನೋ ಕೆಂಗಂದು ಬಣ್ಣ ಇರಲೇಬೇಕು. ಎರಡನ್ನೂ ಕಲಸಿದರೆ ನಮ್ಮ ಗುಂಡುಗಲ್ಲಿನ ಬೂದು ಬಣ್ಣ ಬರುತ್ತದೆ. ನೀಲಿ ಜಾಸ್ತಿಯಾದರೆ ಬೆಳಗಿನ ನೆರಳು, ಸಿಯೆನಾ ಜಾಸ್ತಿಯಾದರೆ ಸಂಜೆಯ ಕಲ್ಲು. ಯೆಲ್ಲೋ ಓಕರ್ ಒಣ ಹುಲ್ಲಿಗೆ. ಇಂಡಿಯನ್ ರೆಡ್ ಸಂಡೂರಿನ ಮಣ್ಣಿಗೆ. ಅಲ್ಲಿನ ಅದಿರಿಗೆ ಕೆಂಪು ಕೊಡುವ ಐರನ್ ಆಕ್ಸೈಡೇ ಈ ಬಣ್ಣದಲ್ಲೂ ಇರುವುದು. ಗಂಗಾವತಿಯ ಭತ್ತದ ಗದ್ದೆಗೆ ಒಂದು ಲೆಮನ್ ಯೆಲ್ಲೋ, ಜೊತೆಗೆ ಒಂದು ಕ್ರಿಮ್ಸನ್. ಬ್ರಷ್ ದುಂಡನೆಯದು, 8 ಅಥವಾ 10ನೇ ನಂಬರ್ ಒಂದೇ ಸಾಕು. ಸಣ್ಣ ಬ್ರಷ್ ತಗೊಂಡರೆ ಅರ್ಧ ದಾರಿಯಲ್ಲೇ ವಾಶ್ ಒಣಗುತ್ತದೆ.

ಗೆರೆ ಮೊದಲೋ, ವಾಶ್ ಮೊದಲೋ

ಗೆರೆ ಮೊದಲು ಎಳೆದರೆ ಆಕಾರ ಭದ್ರ. ಬಣ್ಣ ಎಲ್ಲಿಗೆ ಅಂತ ಮೊದಲೇ ಗೊತ್ತಿರುತ್ತದೆ. ಹೊಸಬರಿಗೆ ಧೈರ್ಯ ಬರುತ್ತದೆ. ಆದರೆ ಗೆರೆಯೊಳಗೆ ಬಣ್ಣ ತುಂಬುವ ಚಾಳಿ ಬೀಳುವ ಅಪಾಯ ಇದೆ. ವಾಶ್ ಮೊದಲು ಬಿಟ್ಟರೆ ಚಿತ್ರ ಸಡಿಲವಾಗಿ, ಉಸಿರಾಡುವಂತೆ ಇರುತ್ತದೆ. ತುಂಗಭದ್ರೆಯ ದಂಡೆ, ಮಂಜಿನಲ್ಲಿ ಕಾಣುವ ಅಂಜನಾದ್ರಿ, ಗದ್ದೆ ಬಯಲು, ಇವಕ್ಕೆ ಅದು ಸರಿ. ಪೂರ್ತಿ ಒಣಗಿದ ಮೇಲೆ ಬೇಕಾದಷ್ಟೇ ಗೆರೆ. ಒಣಗಲು ಕಾಯುವ ತಾಪತ್ರಯ ನಮ್ಮಲ್ಲಿ ಕಡಿಮೆ ಅಲ್ವಾ, ಹಾಗಾಗಿ ಈ ದಾರಿ ಇಲ್ಲಿನವರಿಗೆ ಸುಲಭ. ಶುರುವಿಗೆ ಗೆರೆ ಮೊದಲು, ಕೈ ಕೂತ ಮೇಲೆ ವಾಶ್ ಮೊದಲು ಅನ್ನೋದು ನನ್ನ ಸಲಹೆ.

ಒಂದು ಗುಂಡುಗಲ್ಲನ್ನೇ ತಗೊಳ್ಳಿ. ಬೆಳಿಗ್ಗೆ ಏಳು ಗಂಟೆ, ಬಿಸಿಲು ಬಲಗಡೆಯಿಂದ. ಎಡ ಅಂಚಿಗೆ, ಬುಡಕ್ಕೆ ಒತ್ತಿ ಗೆರೆ ಎಳೆಯಿರಿ. ಬಲ ಅಂಚಿಗೆ ಗೆರೆಯೇ ಬೇಡ, ಅಲ್ಲಿ ಬಿಸಿಲು ಕಲ್ಲನ್ನು ತಿಂದುಹಾಕಿದೆ. ಬಿರುಕು ಇದ್ದರೆ ಎರಡು ತುಂಡು ಗೆರೆ. ಈಗ ಬೂದು ವಾಶನ್ನು ಬೇಕಾದ್ದಕ್ಕಿಂತ ಎರಡು ಪಟ್ಟು ಕಲಸಿಟ್ಟುಕೊಳ್ಳಿ, ನಡುವೆ ಕಲಸಲು ನಿಂತರೆ ಒಣಗುತ್ತದೆ. ಪ್ಯಾಡನ್ನು ಸ್ವಲ್ಪ ಓರೆ ಮಾಡಿ. ನೆರಳಿನ ಮೈಗೆ ಮೊದಲು ಬರೀ ನೀರು ಸವರಿ, ಅದು ಹೊಳೆಯುತ್ತಿರುವಾಗಲೇ ಎಡದಿಂದ ಬಣ್ಣ ಬಿಡಿ. ಬಣ್ಣ ತಾನೇ ನಡುವಿಗೆ ಹರಿದು ತಿಳಿಯಾಗುತ್ತದೆ. ಬಲಗಡೆ ಕಾಗದದ ಬಿಳಿ ಹಾಗೇ ಇರಲಿ. ಅಲ್ಟ್ರಾಮರೀನಿನ ಕಣಗಳು ಕಾಗದದ ತರಿಯಲ್ಲಿ ಕೂತು ಕಲ್ಲಿನ ಒರಟು ಮೈ ತಾನಾಗೇ ಬರುತ್ತದೆ. ಆಮೇಲೆ ಮುಟ್ಟಬೇಡಿ.

ಯಾರ ಹತ್ತಿರ ಕಲಿಯೋದು

ಊರಿನ ಡ್ರಾಯಿಂಗ್ ಮಾಸ್ತರ ಹತ್ತಿರ ಹೋದರೆ ಕೈ ತಿದ್ದುತ್ತಾರೆ. ಯಾವ ವಿಡಿಯೋ ಕೂಡ ನಿಮ್ಮ ಹಾಳೆ ನೋಡಿ ತಪ್ಪು ತೋರಿಸುವುದಿಲ್ಲ. ಆದರೆ ಅನೇಕ ಕಡೆ ಪಾಠ ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಯ ಕಡೆಗೆ ಇರುತ್ತದೆ. ಅಲ್ಲಿನ ವಸ್ತುಚಿತ್ರ, ಜ್ಯಾಮಿತಿ, ಅಳತೆ ಅಡಿಪಾಯಕ್ಕೆ ಒಳ್ಳೆಯದು. ಗೆರೆ-ವಾಶ್ ಬೇಕು ಅಂತ ನೀವೇ ಕೇಳಿಕೊಳ್ಳಬೇಕು. ವಿಡಿಯೋ ನೋಡಿ ಕಲಿಯುವವರಿಗೆ ದುಡ್ಡು ಉಳಿಯುತ್ತದೆ, ದಿಕ್ಕು ತಪ್ಪುತ್ತದೆ. ಒಬ್ಬರೇ ಕಲಾವಿದರನ್ನು ಹಿಡಿದು ಎರಡು ತಿಂಗಳು ಅವರ ಪಾಠವನ್ನೇ ಮಾಡಿ.

ಮೂರನೇ ದಾರಿ, ನಾಲ್ಕು ಜನ ಸೇರಿ ಹೊರಗೆ ಹೋಗಿ ಬರೆಯೋದು. 2007ರಲ್ಲಿ ಸಿಯಾಟಲ್‌ನ ಪತ್ರಕರ್ತ ಗೇಬ್ರಿಯಲ್ ಕಾಂಪನಾರಿಯೊ ಶುರು ಮಾಡಿದ 'ಅರ್ಬನ್ ಸ್ಕೆಚರ್ಸ್' ಇವತ್ತು ಜಗತ್ತಿನ ತುಂಬ ಹರಡಿದೆ. ಅವರ ಮುಖ್ಯ ನಿಯಮ, ಕಣ್ಣೆದುರು ಇರುವುದನ್ನು ಅಲ್ಲೇ ಕೂತು ಬರೆಯಬೇಕು. ನಮ್ಮಲ್ಲಿ ಅದಕ್ಕೆ ಸಂಘ ಬೇಕಿಲ್ಲ, ಗೆಳೆಯರು ಸಾಕು. ಒಂದೇ ಕೋಟೆ ಬಾಗಿಲನ್ನು ನಾಲ್ಕು ಜನ ನಾಲ್ಕು ಥರ ಬರೆದದ್ದು ನೋಡಿದಾಗ ಕಲಿಯುವಷ್ಟು ಒಬ್ಬರೇ ಕೂತರೆ ಕಲಿಯಲಾಗುವುದಿಲ್ಲ. ತಿಂಗಳಿಗೆರಡು ಸಲ ಮಾಸ್ತರು, ವಾರಕ್ಕೊಮ್ಮೆ ಹೊರಗೆ, ಇದಾದರೆ ಬಹಳ ಒಳ್ಳೆಯದು.

ನಿಮಗೆ ಯಾವುದು

ಕೈಯಲ್ಲಿ 300-400 ರೂಪಾಯಿ ಇರುವ ವಿದ್ಯಾರ್ಥಿಗೆ: ಯೂನಿ-ಬಾಲ್ ಐ ಅಥವಾ ಬಾಲ್ ಪೆನ್ನು, ಕ್ಯಾಮೆಲ್ಲಿನ ಚಿಕ್ಕ ವಾಟರ್ ಕಲರ್ ಸೆಟ್, ಉಳಿದದ್ದಕ್ಕೆಲ್ಲ ದಪ್ಪ ಕಾಗದ. ಚಿತ್ರ ಅಂಗೈಯಗಲ ಇರಲಿ, ಕಾಗದ ಜಾಸ್ತಿ ದಿನ ಬರುತ್ತದೆ.

ಸಾವಿರದ ಆಸುಪಾಸು ಹಾಕಬಲ್ಲವರಿಗೆ: ಎರಡು ಫೈನ್‌ಲೈನರ್, ಕೋಲ್ಡ್ ಪ್ರೆಸ್ ಪ್ಯಾಡ್, ಆರ್ಟಿಸ್ಟ್ ದರ್ಜೆಯ ಬಣ್ಣ ಬಿಡಿಬಿಡಿಯಾಗಿ ಮೂರು. ನೌಕರಿ ಇದ್ದು ಭಾನುವಾರ ಮಾತ್ರ ಬರೆಯುವವರಿಗೂ ಇದೇ ಸರಿ, ಏಕೆಂದರೆ ವಾರವಿಡೀ ಮೂಲೆಯಲ್ಲಿದ್ದರೂ ಫೈನ್‌ಲೈನರ್ ತಕರಾರು ಮಾಡುವುದಿಲ್ಲ.

ದಿನಾ ಬರೆಯುವವರಿಗೆ, ಇನ್ನು ನಾಲ್ಕೈದು ವರ್ಷ ಬಿಡುವುದಿಲ್ಲ ಅಂತ ಗೊತ್ತಿರುವವರಿಗೆ: ಇಂಕ್ ಪೆನ್ನು, ಕಾರ್ಬನ್ ಶಾಯಿ. ಮೊದಲ ಖರ್ಚು ಸಾವಿರಗಳಲ್ಲಿ ಹೋಗುತ್ತದೆ, ಆಮೇಲೆ ಕಾಗದ ಬಿಟ್ಟರೆ ಹೆಚ್ಚಿನ ಖರ್ಚಿಲ್ಲ. ಮನೆಯಿಂದ ಹೊರಗೆ ಹೋಗಲಾಗದವರು, ಮಂಡಿ ನೋವಿರುವ ಹಿರಿಯರು ಅದ್ದುವ ನಿಬ್ಬು ತಗೊಳ್ಳಿ. ಕಿಟಕಿ ಪಕ್ಕ ಟೇಬಲ್ ಹಾಕಿಕೊಂಡು ಅಂಗಳದ ಬೇವಿನ ಮರ ಬರೆಯಲು ಅದರಷ್ಟು ಖುಷಿ ಕೊಡುವ ಪೆನ್ನು ಇಲ್ಲ. ಫ್ಯಾನ್ ಮಾತ್ರ ಆರಿಸಿ, ಇಲ್ಲದಿದ್ದರೆ ನಿಬ್ಬೂ ವಾಶೂ ಎರಡೂ ಒಣಗುತ್ತವೆ.

ಇನ್ನೂ ತೀರ್ಮಾನ ಆಗದಿದ್ದರೆ ಪೆನ್ನು ಬಿಟ್ಟು ಕಾಗದ ಒಂದನ್ನೇ ತನ್ನಿ. ಮನೆಯಲ್ಲಿರುವ ಎಲ್ಲ ಪೆನ್ನುಗಳಿಂದ ಅದರ ಒಂದು ತುಂಡಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಪೆನ್ನಿನ ಹೆಸರು ಬರೆದು, ನೀರು ಸವರಿ ನೋಡಿ. ಎರಡಾದರೂ ನಿಲ್ಲುತ್ತವೆ. ಅವುಗಳಲ್ಲಿ ಕೈಗೆ ಹಿತವಾದದ್ದರಿಂದ ಈ ತಿಂಗಳು ಬರೆಯಿರಿ, ಮುಂದಿನ ತಿಂಗಳು ಅಂಗಡಿಗೆ ಹೋಗಿ.